ಬಿಜಾಪುರದ ಮೊದಲ ಚಿತ್ರಗಳ ಥಾಮಸ್ ಬಿಗ್ಸ್

ಪರದೇಶದಲ್ಲಿದ್ದು, ಊರೂರು ಸಂಚರಿಸಿ, ಛಾಯಾಗ್ರಹಣವನ್ನೇ ಸಂಬಳದ ಕೆಲಸವಾಗಿ ಪಡೆದ ಮೊದಲಿಗರಲ್ಲಿ ಥಾಮಸ್ ಬಿಗ್ಸ್ (1822-1905) ಒಬ್ಬರು.

ಬಿಗ್ಸ್ ಬಾಂಬೆ ಫಿರಂಗಿದಳದ ಅಧಿಕಾರಿಯಾಗಿದ್ದರು. ಪ್ರಾಚೀನ ಕಟ್ಟಡಗಳನ್ನು ಕಲಾವಿದರಿಂದ ಬರೆಸುವುದು ದುಬಾರಿ ಹಾಗೂ ನಿಧಾನವೆಂದು ಕಂಡ ಈಸ್ಟ್ ಇಂಡಿಯಾ ಕಂಪನಿ ಛಾಯಾಗ್ರಹಣದತ್ತ ತಿರುಗಿತು. 1855ರಲ್ಲಿ ಬಾಂಬೆ ಸರ್ಕಾರ ಬಿಗ್ಸ್ ಅವರನ್ನು ತನ್ನ ಛಾಯಾಗ್ರಾಹಕರನ್ನಾಗಿ ನೇಮಿಸಿತು.

ಅದೇ ವರ್ಷ ಅವರು ಬಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಸಂಚರಿಸಿದರು. ಆಗ ಬಿಜಾಪುರ ಪಾಳುಬಿದ್ದ ರಾಜಧಾನಿ. ಅದು ಜಿಲ್ಲಾ ಕೇಂದ್ರವಾದದ್ದು 1885ರಲ್ಲಿ. ಅಲ್ಲಿನ ಆದಿಲ್‌ಶಾಹಿ ಸ್ಮಾರಕಗಳನ್ನು ಬಿಗ್ಸ್ ಕಾಗದದ ನೆಗೆಟಿವ್‌ಗಳ ಮೇಲೆ ಮೂಡಿಸಿದರು.

ಆದರೆ ಈ ಹುದ್ದೆ ಒಂದು ವರ್ಷವೂ ಉಳಿಯಲಿಲ್ಲ. 1855ರ ಕೊನೆಗೆ ಸೇನೆ ಅವರನ್ನು ಮರಳಿ ಕರೆಸಿಕೊಂಡಿತು. ವೈದ್ಯ ವಿಲಿಯಂ ಪಿಗೂ ಆ ಸ್ಥಾನಕ್ಕೆ ಬಂದರು. ಸರ್ಕಾರಕ್ಕೆ ಕ್ಯಾಮೆರಾಕ್ಕಿಂತ ಫಿರಂಗಿಯೇ ಮುಖ್ಯವಾಗಿತ್ತು.

1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಬಿಜಾಪುರ ವಾಸ್ತುಶಿಲ್ಪದ ಗ್ರಂಥದಲ್ಲಿ ಬಿಗ್ಸ್ ಅವರ ಚಿತ್ರಗಳೂ ಸೇರಿದವು. ಅವರ ಚಿತ್ರಗಳು ಇಂದು ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿವೆ. ಬಿಜಾಪುರ 2014ರಲ್ಲಿ ವಿಜಯಪುರವಾಯಿತು. ಪಕ್ಕದ ತಿಕೋಟಾ, ಬಬಲೇಶ್ವರ ಈಗ ಪ್ರತ್ಯೇಕ ತಾಲ್ಲೂಕುಗಳು. ಈ ನೆಲದ ಜನರು ತಮ್ಮ ಸ್ಮಾರಕಗಳು 1855ರಲ್ಲಿ ಹೇಗಿದ್ದವೆಂದು ನೋಡಬಲ್ಲರಾದರೆ, ಅದು ಆ ಅಲ್ಪಕಾಲದ ನೌಕರಿಯ ಫಲ.