ಎಂಬತ್ಮೂರು ಪಂದ್ಯಗಳ ಪೀಟ್ ಮರಾವಿಚ್

1988ರ ಜನವರಿ 5ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ, ಚರ್ಚೊಂದರ ಕ್ರೀಡಾಂಗಣದಲ್ಲಿ ಗೆಳೆಯರೊಂದಿಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಪೀಟ್ ಮರಾವಿಚ್ ಕುಸಿದು ಬಿದ್ದು ಅಸುನೀಗಿದರು. ಆಗ ಅವರ ವಯಸ್ಸು 40. ಹೃದಯಕ್ಕೆ ರಕ್ತ ಪೂರೈಸುವ ಎಡ ಭಾಗದ ಮುಖ್ಯ ರಕ್ತನಾಳ ಅವರಿಗೆ ಹುಟ್ಟಿನಿಂದಲೇ ಇರಲಿಲ್ಲವೆಂಬುದು ಮರಣೋತ್ತರ ಪರೀಕ್ಷೆಯಲ್ಲಿ ತಿಳಿದುಬಂತು. ಅಮೆರಿಕದ ಪುರುಷರ ಅಗ್ರ ಶ್ರೇಣಿಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಕಂಡ ಅತಿ ದೊಡ್ಡ ಅಂಕಗಳಿಕೆ ಇಂಥ ಹೃದಯ ಹೊತ್ತವನದಾಗಿತ್ತು.

1947ರ ಜೂನ್ 22ರಂದು ಪೆನ್ಸಿಲ್ವೇನಿಯಾದ ಅಲಿಕ್ವಿಪಾದಲ್ಲಿ ಜನಿಸಿದ ಮರಾವಿಚ್‌ಗೆ ತಂದೆ ಪ್ರೆಸ್ ಮರಾವಿಚ್ ಅವರೇ ಗುರು. ವೃತ್ತಿಯಿಂದ ತರಬೇತುದಾರರಾಗಿದ್ದ ತಂದೆ ಕಾರು ಓಡಿಸುತ್ತಿದ್ದರೆ, ಬಾಲಕ ಕಿಟಕಿಯಿಂದ ಕೈ ಚಾಚಿ ರಸ್ತೆಯ ಮೇಲೆ ಚೆಂಡು ಪುಟಿಸುತ್ತಿದ್ದ. ಇದನ್ನು ಶಿಸ್ತೆನ್ನಬೇಕೋ ಹುಚ್ಚೆನ್ನಬೇಕೋ ಎಂಬುದು ಓದುಗರಿಗೆ ಬಿಟ್ಟ ವಿಚಾರ.

1966ರಲ್ಲಿ ಪ್ರೆಸ್ ಲೂಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರರಾದರು. ಮಗನೂ ಅಲ್ಲಿಯೇ ಸೇರಿದ. ಅಲ್ಲಿನ ಕಾಲೇಜು ಕ್ರೀಡಾ ವ್ಯವಸ್ಥೆ ನಮ್ಮದಕ್ಕಿಂತ ಭಿನ್ನ. ಗಣೇಶಗುಡಿಯ ವಿದ್ಯಾರ್ಥಿಯೊಬ್ಬ ದಾಂಡೇಲಿಯ ಕಾಲೇಜಿನಲ್ಲಿ ಚೆನ್ನಾಗಿ ಆಡಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಅಮೆರಿಕದಲ್ಲಾದರೋ ಒಂದು ಪ್ರದೇಶದ ವಿಶ್ವವಿದ್ಯಾಲಯಗಳು ಕೂಡಿ 'ಕಾನ್ಫರೆನ್ಸ್' ರಚಿಸಿಕೊಂಡು, ಚಳಿಗಾಲದುದ್ದಕ್ಕೂ ಪರಸ್ಪರ ಆಡುತ್ತವೆ. ಋತುವಿನ ಕೊನೆಗೆ ಪಂದ್ಯವೊಂದರ ಸರಾಸರಿ ಅಂಕ ಯಾರದು ಹೆಚ್ಚೋ ಅವರೇ ಆ ಕಾನ್ಫರೆನ್ಸಿನ ಅಂಕವೀರ.

ದಕ್ಷಿಣ ರಾಜ್ಯಗಳ ಸೌತ್ ಈಸ್ಟರ್ನ್ ಕಾನ್ಫರೆನ್ಸಿನಲ್ಲಿ ಈ ಪಟ್ಟ ಸತತ ಮೂರು ಬಾರಿ ಮರಾವಿಚ್ ಪಾಲಾಯಿತು. 1967-68ರಲ್ಲಿ ಅವರ ಸರಾಸರಿ 43.8, ಮರುವರ್ಷ 44.2, 1969-70ರಲ್ಲಿ 44.5. ಮೂರೂ ವರ್ಷ ಇಡೀ ದೇಶಕ್ಕೇ ಅವರು ಮೊದಲಿಗರು. ಒಟ್ಟು 83 ಪಂದ್ಯಗಳಿಂದ 3,667 ಅಂಕ. ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಮೂರು ಅಂಕದ ಗೆರೆಯೂ ಇರಲಿಲ್ಲ. ಎಷ್ಟೇ ದೂರದಿಂದ ಹಾಕಿದರೂ ಎರಡೇ ಅಂಕ.

ಆದರೆ ಈ ಅಂಕಗಳ ಇನ್ನೊಂದು ಮುಖವನ್ನೂ ನೋಡಬೇಕು. ಆ ಅವಧಿಯಲ್ಲಿ ಮರಾವಿಚ್ 3,166 ಬಾರಿ ಬ್ಯಾಸ್ಕೆಟ್‌ಗೆ ಗುರಿಯಿಟ್ಟರು, ಅಂದರೆ ಪಂದ್ಯಕ್ಕೆ ಸುಮಾರು 38 ಬಾರಿ, ಕೈಗೂಡಿದ್ದು 1,387. ಮಗನೇ ಹೆಚ್ಚು ಚೆಂಡು ಎಸೆಯಬೇಕೆಂಬುದು ತಂದೆಯ ತಂತ್ರವಾಗಿತ್ತು. ಜನ ಕಿಕ್ಕಿರಿದು ಬಂದರು. ಬಲಿಷ್ಠ ಕೆಂಟಕಿ ವಿರುದ್ಧದ ಆರು ಪಂದ್ಯಗಳಲ್ಲಿ ಮರಾವಿಚ್ ಸರಾಸರಿ 52 ಅಂಕ ಗಳಿಸಿದರು; ಆರನ್ನೂ ಅವರ ತಂಡ ಸೋತಿತು. 1970ರ ಫೆಬ್ರುವರಿಯಲ್ಲಿ ಒಬ್ಬರೇ 64 ಅಂಕ ಗಳಿಸಿದಾಗಲೂ ಫಲಿತಾಂಶ 121-105. ರಾಷ್ಟ್ರೀಯ ಚಾಂಪಿಯನ್‌ಷಿಪ್ ಪಂದ್ಯಾವಳಿಯಲ್ಲಿ ಆಡುವ ಯೋಗ ಅವರಿಗೆ ಒಮ್ಮೆಯೂ ಬರಲಿಲ್ಲ.

1970ರಲ್ಲಿ ಅಟ್ಲಾಂಟಾ ಹಾಕ್ಸ್ ಸೇರಿ ವೃತ್ತಿಪರರಾದರು. ಹೊಸಬನಿಗೆ ದೊರೆತ ಭಾರಿ ಸಂಭಾವನೆ ಸಹ ಆಟಗಾರರ ಕಣ್ಣು ಕೆಂಪಾಗಿಸಿತು. 1974ರಲ್ಲಿ ನ್ಯೂ ಆರ್ಲಿಯನ್ಸ್ ಜಾಝ್ ತಂಡಕ್ಕೆ ಬಂದರು. ಅದೇ ವರ್ಷ ತಾಯಿ ಆತ್ಮಹತ್ಯೆ ಮಾಡಿಕೊಂಡರು. ಮದ್ಯದ ಚಟ ಬಹುಕಾಲ ಕಾಡಿತು. 1976-77ರಲ್ಲಿ 31.1 ಸರಾಸರಿಯೊಂದಿಗೆ ಎನ್‌ಬಿಎ ಅಂಕವೀರರಾದರು. 1978ರಲ್ಲಿ ಮೊಣಕಾಲು ಕೈಕೊಟ್ಟಿತು. ಎನ್‌ಬಿಎ ಮೂರು ಅಂಕದ ಗೆರೆ ಎಳೆದದ್ದು 1979ರಲ್ಲಿ, ಅವರ ಕೊನೆಯ ಋತುವಿಗೆ. ಆಗ 15 ಯತ್ನಗಳಲ್ಲಿ 10 ಸಫಲವಾದವು. ಕಾಲೇಜು ದಿನಗಳಲ್ಲಿ ಆ ಗೆರೆ ಇದ್ದಿದ್ದರೆ ಮೊತ್ತ ಎಲ್ಲಿಗೆ ಮುಟ್ಟುತ್ತಿತ್ತೋ!

1980ರಲ್ಲಿ ನಿವೃತ್ತರಾದ ಅವರು ಬಳಿಕ ಕ್ರೈಸ್ತ ಧರ್ಮಶ್ರದ್ಧೆಯಲ್ಲಿ ನೆಮ್ಮದಿ ಕಂಡರು. 1987ರಲ್ಲಿ ಹಾಲ್ ಆಫ್ ಫೇಮ್ ಗೌರವ ಸಂದಿತು. ಅದೇ ವರ್ಷ ತಂದೆ ತೀರಿಕೊಂಡರು. ಒಂಬತ್ತು ತಿಂಗಳೂ ಕಳೆಯುವ ಮೊದಲೇ ಮಗನೂ ಹೊರಟುಹೋದರು.

2023ರಲ್ಲಿ ಡೆಟ್ರಾಯಿಟ್ ಮರ್ಸಿ ವಿಶ್ವವಿದ್ಯಾಲಯದ ಆಂಟ್ವಾನ್ ಡೇವಿಸ್ 144 ಪಂದ್ಯಗಳನ್ನಾಡಿ 3,664ಕ್ಕೆ ನಿಂತರು. ಪುರುಷರ ದಾಖಲೆಗೆ ಮೂರೇ ಅಂಕ ಕೊರತೆ. 2024ರ ಮಾರ್ಚ್ 3ರಂದು ಅಯೋವಾದ ಕೇಟ್ಲಿನ್ ಕ್ಲಾರ್ಕ್ 3,667ನ್ನು ದಾಟಿದರು. ಅವರಿಗೆ ನಾಲ್ಕು ವರ್ಷಗಳ ಅವಕಾಶವಿತ್ತು, ಮೂರು ಅಂಕದ ಗೆರೆಯೂ ಇತ್ತು.