ಯಾರ ಯೋಜನೆಗೂ ಸಿಗದ ಬದುಕು

ಸರ್ಕಾರಿ ಸೇವೆಯಲ್ಲಿದ್ದಷ್ಟು ಕಾಲವೂ ನಾನು ಯೋಜನೆಗಳ ನಡುವೆಯೇ ಬದುಕಿದವನು. ಗುರಿ, ಅನುದಾನ, ಅವಧಿ ಎಲ್ಲಕ್ಕೂ ಒಂದು ಕೋಷ್ಟಕವಿರುತ್ತಿತ್ತು. ಆ ಅಭ್ಯಾಸಬಲದಿಂದಲೋ ಏನೋ, ದೈವಸಂಕಲ್ಪವೆಂಬ ಮಾತನ್ನು ಸುಲಭವಾಗಿ ಒಪ್ಪಿದವನಲ್ಲ. ಆದರೆ ಪಂಡಿತಾ ರಮಾಬಾಯಿಯವರ ಜೀವನವನ್ನು ಓದುವಾಗಲೆಲ್ಲ ನನ್ನ ಕೋಷ್ಟಕಗಳು ಸೋಲುತ್ತವೆ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮದೇ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಕಾರ್ಕಳ ಸಮೀಪದ ಮಾಳದ ಅನಂತಶಾಸ್ತ್ರಿ ಡೋಂಗ್ರೆ. ಹೆಣ್ಣಿಗೆ ಸಂಸ್ಕೃತ ಸಲ್ಲದೆಂಬ ಕಟ್ಟಳೆಯನ್ನು ಮೀರಿ ಪತ್ನಿಗೆ ಪಾಠ ಹೇಳಿದ ಅವರು ಕಾಡಿನ ವಾಸವನ್ನೇ ಆರಿಸಿಕೊಂಡಿದ್ದರು. ಮುಂದೆ ಆ ಕುಟುಂಬ ತೀರ್ಥಕ್ಷೇತ್ರಗಳಲ್ಲಿ ಪುರಾಣ ಹೇಳುತ್ತ ಅಲೆಯಿತು. 1870ರ ದಶಕದ ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಉಳಿದ ಅಣ್ಣನೊಡನೆ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ಸೇರಿದ ತರುಣಿಯ ಪಾಂಡಿತ್ಯಕ್ಕೆ ಬೆರಗಾದ ಅಲ್ಲಿನ ವಿದ್ವಾಂಸರು ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಈಕೆ ಕ್ರೈಸ್ತಳಾಗುವಳೆಂದು ಅಂದು ಯಾವ ಪಾದ್ರಿಯೂ ಲೆಕ್ಕ ಹಾಕಿರಲಾರ.

1880ರಲ್ಲಿ ಅಣ್ಣನೂ ಹೋದ. ಅದೇ ವರ್ಷ ಜಾತಿಯ ಗೆರೆ ದಾಟಿ ಬಂಗಾಳಿ ವಕೀಲ ಬಿಪಿನ್ ಬಿಹಾರಿಯವರನ್ನು ಮದುವೆಯಾದರು. ಸಿಲ್ಚಾರ್‌ನ ಮನೆಯಲ್ಲಿ ಪತಿಯ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತು. 1882ರಲ್ಲಿ ಕಾಲರಾ ಪತಿಯನ್ನು ಒಯ್ದಿತು. ವೈದ್ಯಕೀಯ ಕಲಿಯಲೆಂದು ಮರುವರ್ಷ ಇಂಗ್ಲೆಂಡಿಗೆ ಹೋದರೆ ಕಿವಿಯ ದೋಷ ಅಡ್ಡಬಂತು. ಆದರೆ ಸಮಾಜ ಹೊರದೂಡಿದ ಸ್ತ್ರೀಯರನ್ನು ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ಆರೈಕೆ ಮಾಡುತ್ತಿದ್ದುದು ಅವರ ಮನಸ್ಸನ್ನು ತಟ್ಟಿತು. 1883ರ ಸೆಪ್ಟೆಂಬರ್‌ನಲ್ಲಿ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು.

ಆದರೂ ಅವರು ಯಾರ ಕೈಗೊಂಬೆಯೂ ಆಗಲಿಲ್ಲ. ಸಭೆಯ ಅಧಿಕಾರದ ಬಗ್ಗೆ ತಮ್ಮ ಕ್ರೈಸ್ತ ಗುರುಗಳೊಡನೆಯೇ ವಾದಿಸಿದರು. 1889ರಲ್ಲಿ ವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಅದು ಪುಣೆಗೆ ಬಂದ ಮೇಲೆ ಮತಾಂತರದ ಆರೋಪ ಎದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್‌ರಂಥ ಹಿತೈಷಿಗಳೇ ದೂರ ಸರಿದರು. ಧರ್ಮದ ವಿಷಯದಲ್ಲಿ ತಟಸ್ಥವಾಗಿರಬೇಕಾದ ಸಂಸ್ಥೆಯೆಂದು ನಂಬಿದ್ದ ಅವರ ನೋವನ್ನೂ ನಾವು ಅಲ್ಲಗಳೆಯುವಂತಿಲ್ಲ.

ಬರ ಪರಿಹಾರ ಕಾಮಗಾರಿಗಳ ಉಸ್ತುವಾರಿ ನೋಡಿದ್ದ ನನಗೆ ಇಲ್ಲೊಂದು ಪ್ರಶ್ನೆ ಕಾಡುತ್ತದೆ. ಹಸಿವಿನಿಂದ ಸತ್ತ ತಂದೆತಾಯಿ ಯಾವುದೋ ದೊಡ್ಡ ಸಂಕಲ್ಪದ ಒಂದು ಮೆಟ್ಟಿಲೆಂದು ಹೇಳಲು ನನ್ನ ನಾಲಿಗೆ ಏಳದು. ಆದರೆ 1896-97ರ ಬರಗಾಲದಲ್ಲಿ ಆ ಹಸಿವನ್ನು ಬಲ್ಲ ಮಗಳು ಮಧ್ಯಪ್ರಾಂತ್ಯಕ್ಕೆ ಹೋಗಿ, ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದು, ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಸದನದಲ್ಲಿ ಅನ್ನ, ಅಕ್ಷರ, ಕಸುಬು ಕೊಟ್ಟರು. ದೇವರ ಚಿತ್ತವನ್ನು ನಂಬುವುದೆಂದರೆ ಕೈಕಟ್ಟಿ ಕೂರುವುದೆಂದು ಅವರು ತಿಳಿಯಲಿಲ್ಲ.

ತಂದೆತಾಯಿಗಳಿಂದ ಬಂದ ಭಾಷಾಶ್ರದ್ಧೆ ಕೊನೆಗೆ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮರಾಠಿಗೆ ತರುವ ಕಾಯಕವಾಯಿತು. 1921ರಲ್ಲಿ ಒಬ್ಬಳೇ ಮಗಳು ಮನೋರಮಾ ತೀರಿಕೊಂಡ ಮೇಲೂ ಆ ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್‌ನಲ್ಲಿ ರಮಾಬಾಯಿ ಕಣ್ಮುಚ್ಚಿದರು.

ಅವರ ನಂಬಿಕೆ ನನ್ನದಲ್ಲ. ಆದರೂ, ಮುಂದಿನ ದಾರಿ ಕಾಣದಾಗ ಕೈಯಲ್ಲಿರುವ ಕೆಲಸವನ್ನು ಬಿಡದಿರುವುದೇ ನಂಬಿಕೆಯಾದರೆ, ಅದನ್ನು ಅವರಿಂದ ಕಲಿಯಲು ನನಗೆ ಸಂಕೋಚವಿಲ್ಲ.