ಟೋಲ್ಕಿನ್: ಅಧ್ಯಾಯ ಅಧ್ಯಾಯವಾಗಿ ಬಂದ ಮಹಾಕಥೆ

ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಯ ಮೂರು ಸಂಪುಟಗಳನ್ನೂ ಒಂದೇ ರಜೆಯಲ್ಲಿ ಓದಿ ಮುಗಿಸುವವರು ಇಂದು ಅನೇಕರಿದ್ದಾರೆ. ಅದರ ಮೊದಲ ಓದುಗರಿಗೆ ಆ ಅನುಕೂಲವಿರಲಿಲ್ಲ. ಕಥೆಯು ಅವರನ್ನು ವರ್ಷಗಟ್ಟಲೆ ಕಾಯಿಸಿತು. ಬರೆದವರಿಗೆ ಕಾಯುವುದು ಬಾಲ್ಯದಿಂದಲೇ ರೂಢಿಯಾಗಿತ್ತು.

1892ರ ಜನವರಿ 3ರಂದು ಇಂದಿನ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್‌ನಲ್ಲಿ ಜನಿಸಿದ ಟೋಲ್ಕಿನ್, ನಾಲ್ಕನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಇಂಗ್ಲೆಂಡಿನಲ್ಲಿ ನೆಲೆಸಿದ ತಾಯಿ ಮೇಬಲ್ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದಾಗ ಬಂಧುಗಳ ಹಣಸಹಾಯ ನಿಂತುಹೋಯಿತು. 1904ರಲ್ಲಿ ಆಕೆ ಸಕ್ಕರೆ ಕಾಯಿಲೆಯಿಂದ ತೀರಿಕೊಂಡರು. ಇನ್ಸುಲಿನ್ ಆಗಿನ್ನೂ ಬಂದಿರಲಿಲ್ಲ. ತಾಯಿಯನ್ನು ವಿಶ್ವಾಸಕ್ಕಾಗಿ ಪ್ರಾಣತೆತ್ತವರೆಂದೇ ಮಗ ಕೊನೆಯವರೆಗೂ ಭಾವಿಸಿದ್ದರು. ಅನಾಥರಾದ ಇಬ್ಬರು ಸಹೋದರರಿಗೆ ಬರ್ಮಿಂಗ್‌ಹ್ಯಾಮ್ ಒರೆಟರಿಯ ಫಾದರ್ ಫ್ರಾನ್ಸಿಸ್ ಮೋರ್ಗನ್ ಪಾಲಕರಾದರು. ಪ್ರೀತಿಸಿದ ಎಡಿತ್ ಬ್ರಾಟ್ ಅವರೊಡನೆ 21 ವರ್ಷ ತುಂಬುವವರೆಗೆ ಪತ್ರವ್ಯವಹಾರವೂ ಕೂಡದೆಂಬುದು ಆ ಗುರುಗಳ ಕಟ್ಟಪ್ಪಣೆ. ಕಠಿಣವೇ ಸರಿ. ಆದರೂ ಯುವಕ ಕಾದರು. 1916ರಲ್ಲಿ ವಿವಾಹ ನೆರವೇರಿತು. ಅದೇ ವರ್ಷ ಸೊಮ್ ಯುದ್ಧಭೂಮಿಗೆ ತೆರಳಬೇಕಾಯಿತು.

ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾದ ಅವರು 1937ರಲ್ಲಿ ‘ದಿ ಹಾಬಿಟ್’ ಪ್ರಕಟಿಸಿದರು. ಪ್ರಕಾಶಕರು ಅದರ ಮುಂದುವರಿಕೆಯನ್ನು ಬೇಡಿದರು. ಕೇಡಿನ ಉಂಗುರವೊಂದನ್ನು ಶತ್ರುವಿನ ನಾಡಿನ ಅಗ್ನಿಪರ್ವತಕ್ಕೆ ಒಯ್ದು ನಾಶಮಾಡಬೇಕಾದ ಅಲ್ಪದೇಹಿ ಫ್ರೋಡೊನ ಕಥೆಗೆ ಆ ಡಿಸೆಂಬರಿನಲ್ಲಿಯೇ ಆರಂಭವಾಯಿತು. ಬೋಧನೆ, ಸಂಸಾರ, ಮಹಾಯುದ್ಧಗಳ ನಡುವೆ ಬರವಣಿಗೆ ಹಲವು ಬಾರಿ ನಿಂತುಹೋಯಿತು. ಬರೆದಷ್ಟನ್ನು ಗುರುವಾರದ ರಾತ್ರಿ ಸಿ. ಎಸ್. ಲೂಯಿಸ್ ಮೊದಲಾದ ಮಿತ್ರರ ಮುಂದೆ ಓದುತ್ತಿದ್ದರು.

1944ರಲ್ಲಿ ಮಗ ಕ್ರಿಸ್ಟೋಫರ್ ವಾಯುಪಡೆಯ ತರಬೇತಿಗೆಂದು ತಂದೆ ಹುಟ್ಟಿದ ದಕ್ಷಿಣ ಆಫ್ರಿಕಕ್ಕೇ ಹೋಗಿದ್ದರು. ಅಲ್ಲಿಗೆ ಅಂಚೆಯಲ್ಲಿ ಅಧ್ಯಾಯಗಳು ಒಂದೊಂದಾಗಿ ಹೋಗತೊಡಗಿದವು. ಫ್ರೋಡೊ ಮತ್ತು ಸ್ಯಾಮ್ ಶತ್ರುನಾಡಿನತ್ತ ನಡೆಯುವ ಭಾಗವು ಬರೆಯಲ್ಪಟ್ಟದ್ದು ಹೀಗೆ. ದೂರದಲ್ಲಿದ್ದ ಮಗನಿಗೆ ಕಳುಹಿಸುವ ತವಕವಿಲ್ಲದಿದ್ದರೆ ಅದು ಆಗ ಪೂರ್ಣಗೊಳ್ಳುತ್ತಿತ್ತೇ ಎಂಬುದು ಸಂಶಯ.

1949ರ ವೇಳೆಗೆ ಕಥೆ ಮುಗಿದರೂ ಪ್ರಕಟಣೆ ತಡವಾಯಿತು. ಕಾಗದ ದುಬಾರಿ, ಗ್ರಂಥ ಬೃಹತ್ತು, ಪ್ರಕಾಶಕರು ನಷ್ಟಕ್ಕೆ ಸಿದ್ಧರಾಗಿಯೇ ಒಪ್ಪಿದರು. ಮೊದಲೆರಡು ಸಂಪುಟಗಳು 1954ರ ಜುಲೈ ಮತ್ತು ನವೆಂಬರ್ ತಿಂಗಳಲ್ಲಿ ಹೊರಬಂದವು. ಎರಡನೆಯದರ ಕೊನೆಯಲ್ಲಿ ಫ್ರೋಡೊ ಶತ್ರುಗಳ ಸೆರೆಯಾಳು. ಸ್ಯಾಮ್ ಮುಚ್ಚಿದ ಬಾಗಿಲ ಹೊರಗೆ! ಮೂರನೆಯದು ಬಂದದ್ದು 1955ರ ಅಕ್ಟೋಬರ್ 20ರಂದು. ಅನುಬಂಧಗಳು ಸಿದ್ಧವಾಗದಿದ್ದುದೇ ವಿಳಂಬಕ್ಕೆ ಮುಖ್ಯ ಕಾರಣ.

ಅವಸರದ ಓದುಗರು ದಾಟಿ ಹೋಗುವುದು ಈ ಅನುಬಂಧಗಳನ್ನೇ. ಅಲ್ಲಿನ ತಾರೀಖುಗಳನ್ನು ನೋಡಿದರೆ, ಉಂಗುರದೊಡನೆ ತಂಡ ಹೊರಟದ್ದು ಡಿಸೆಂಬರ್ 25ರಂದು. ಉಂಗುರ ನಾಶವಾದದ್ದು ಮಾರ್ಚ್ 25ರಂದು. ಗಬ್ರಿಯೇಲ ದೂತನು ಮರಿಯ ಮಾತೆಗೆ ಸಂದೇಶ ತಂದುದನ್ನು ಧರ್ಮಸಭೆ ಆಚರಿಸುವ ದಿನವದು. ಕಥೆಯಲ್ಲೆಲ್ಲೂ ಯೇಸುವಿನ ಹೆಸರಿಲ್ಲ, ಗುಡಿಯಿಲ್ಲ, ಪೂಜೆಯಿಲ್ಲ.

1973ರ ಸೆಪ್ಟೆಂಬರ್ 2ರಂದು ಟೋಲ್ಕಿನ್ ನಿಧನರಾದರು. ಆಕ್ಸ್‌ಫರ್ಡ್‌ನ ವುಲ್ವರ್‌ಕೋಟ್ ಸ್ಮಶಾನದಲ್ಲಿ ಎಡಿತ್ ಅವರ ಜೊತೆಯಲ್ಲಿಯೇ ಸಮಾಧಿಯಾಯಿತು. ಅವರು ಬಿಟ್ಟುಹೋದ ಹಸ್ತಪ್ರತಿಗಳನ್ನು ಕ್ರಿಸ್ಟೋಫರ್ ಕೈಗೆತ್ತಿಕೊಂಡು 1977ರಲ್ಲಿ ‘ದಿ ಸಿಲ್ಮರಿಲಿಯನ್’ ಹೊರತಂದರು. ಬಳಿಕ ಮಧ್ಯಭೂಮಿಯ ಇತಿಹಾಸವನ್ನು ಹನ್ನೆರಡು ಸಂಪುಟಗಳಲ್ಲಿ ನೀಡಿದರು. ತಂದೆಯ ಬರಹದಿಂದ ಅವರು ಸಂಪಾದಿಸಿದ ‘ದಿ ಫಾಲ್ ಆಫ್ ಗೊಂಡೊಲಿನ್’ 2018ರಲ್ಲಿ ಪ್ರಕಟವಾದಾಗ ಮಗನಿಗೆ 93 ವರ್ಷ.